ಕೂನೂರಿನ ದಾರಿಯಲ್ಲಿ ಕೋತಿಗಳು

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ರಸ್ತೆ ನಮ್ಮ ಊರಿನವರ ಪಾಲಿಗೆ ವಿಹಾರದ ರಸ್ತೆ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನಿಗೆ ಕೈಮುಗಿದು, ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು, ಬಂಡೀಪುರದ ಕಾಡಿನಲ್ಲಿ ಆನೆ ಕಂಡೀತೇ ಎಂದು ಕಣ್ಣರಳಿಸಿ ಕುಳಿತು, ಘಟ್ಟವೇರಿ ಚಳಿ ತಾಕುತ್ತಲೇ ಶಾಲು ಹೊದ್ದುಕೊಳ್ಳುವುದು ತಲೆಮಾರುಗಳಿಂದ ನಡೆದುಬಂದ ಸುಖ. ಆದರೆ ಇದೇ ದಾರಿಗೆ ಇನ್ನೊಂದು ಚರಿತ್ರೆಯೂ ಉಂಟು. ಊಟಿಯಿಂದ ಮುಂದೆ ಇಪ್ಪತ್ತು ಕಿಲೋಮೀಟರಿನಷ್ಟು ಇಳಿದರೆ ಕೂನೂರು. ಅಲ್ಲಿ 1907ರಲ್ಲಿ ಒಂದು ಸಂಸ್ಥೆ ಬಾಗಿಲು ತೆರೆಯಿತು. ಅಂದಿನಿಂದ ಬಹುಕಾಲ, ಹುಚ್ಚುನಾಯಿ ಕಚ್ಚಿದವರು ದಕ್ಷಿಣದ ನಾನಾ ಮೂಲೆಗಳಿಂದ ಜೀವವನ್ನು ಅಂಗೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದುದು ಅಲ್ಲಿಗೆ. ಅವರಿಗೆ ಘಟ್ಟದ ಚೆಲುವು ಕಂಡಿರಲಾರದು. ಕಚ್ಚಿ ಎಷ್ಟು ದಿನವಾಯಿತು ಎಂಬ ಲೆಕ್ಕವೊಂದೇ ಅವರ ತಲೆಯಲ್ಲಿ ತಿರುಗುತ್ತಿದ್ದಿರಬೇಕು.

ಈ ರಸ್ತೆಯ ಉದ್ದಕ್ಕೂ ಕಾಣುವ ಇನ್ನೊಬ್ಬ ನಿವಾಸಿ ಕೋತಿ. ಊರ ಹೊರಗಿನ ಆಲದ ಮರದಲ್ಲಿ ಕೋತಿ, ಬಂಡೀಪುರದಲ್ಲಿ ಕೋತಿ ಮತ್ತು ಮುಸುವ, ಘಟ್ಟದ ತಿರುವುಗಳಲ್ಲಿ ಮತ್ತೆ ಕೋತಿ. ನಮ್ಮ ಚಾಮುಂಡಿ ಬೆಟ್ಟದ ಮಾತಂತೂ ಹೇಳುವುದೇ ಬೇಡ. ದೊಡ್ಡದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳ ಮೇಲೆ ಭಕ್ತರಿಗೆ ಎಷ್ಟು ಹಕ್ಕಿದೆಯೋ ತಮಗೂ ಅಷ್ಟೇ ಇದೆಯೆಂದು ಅವು ನಂಬಿವೆ. ಬಾಳೆಹಣ್ಣಿನ ಚೀಲಕ್ಕೆ ಕೈಹಾಕುವ ಗಲಿಬಿಲಿಯಲ್ಲಿ ಒಂದು ಕೋತಿ ಮಗುವಿನ ಕೈಯನ್ನು ಕಚ್ಚಿತೆನ್ನಿ. ಕೂಡಲೇ ಸುತ್ತ ನೆರೆದವರಲ್ಲಿ ಎರಡು ಪಕ್ಷ ಹುಟ್ಟುತ್ತವೆ. “ಹನುಮಪ್ಪ ಕಚ್ಚಿದರೆ ವಿಷವಿಲ್ಲ ಕಣಮ್ಮ, ಅರಿಶಿನ ಹಚ್ಚಿ ಸುಮ್ಮನಿರಿ” ಎನ್ನುವುದು ಒಂದು ಪಕ್ಷ. “ಈ ಪೀಡೆಗಳೇ ಎಲ್ಲ ರೋಗಕ್ಕೂ ಮೂಲ, ಹಿಡಿದು ಕಾಡಿಗೆ ಅಟ್ಟಬೇಕು” ಎನ್ನುವುದು ಇನ್ನೊಂದು ಪಕ್ಷ. ಎರಡೂ ತಪ್ಪು. ಮೊದಲನೆಯದು ಮಗುವಿನ ಪ್ರಾಣಕ್ಕೆ ಅಪಾಯ, ಎರಡನೆಯದು ಕೋತಿಯ ಪ್ರಾಣಕ್ಕೆ. ಈ ಎರಡು ತಪ್ಪುಗಳು ಹೇಗೆ ತಪ್ಪಾದುವು ಎಂಬುದನ್ನು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಸುಶ್ರುತನಿಂದ ಪಾಸ್ತರನವರೆಗೆ

ಹುಚ್ಚುನಾಯಿಯ ರೋಗ ನಮ್ಮ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಇದರ ವರ್ಣನೆಯಿದೆ. ಮತಿಗೆಟ್ಟ ನಾಯಿ, ನರಿ, ಕತ್ತೆಕಿರುಬ, ಕರಡಿ, ಹುಲಿ ಮೊದಲಾದುವು ಕಚ್ಚಿದರೆ ಆಗುವ ಅನರ್ಥವನ್ನು ಆ ವೈದ್ಯ ವಿವರಿಸುತ್ತಾನೆ. ಕಚ್ಚಿಸಿಕೊಂಡವನು ನೀರನ್ನು ಕಂಡು ಬೆದರಿದರೆ ಅವನು ಉಳಿಯುವುದಿಲ್ಲವೆಂದು ನಿಷ್ಠುರವಾಗಿ ಹೇಳಿಬಿಡುತ್ತಾನೆ. ಆ ಪಟ್ಟಿಯಲ್ಲಿ ಕೋತಿಯ ಹೆಸರು ಬಂದಿಲ್ಲ. ಕೋತಿ ಜನವಸತಿಯ ಸುತ್ತಲೇ ಬದುಕುವ ಪ್ರಾಣಿ. ಅದು ಮೇಲಿಂದ ಮೇಲೆ ಈ ರೋಗ ಹರಡುತ್ತಿದ್ದಿದ್ದರೆ ಅಂಥ ಸೂಕ್ಷ್ಮದೃಷ್ಟಿಯ ವೈದ್ಯನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲವೆಂದು ನಾವು ಊಹಿಸಬಹುದು. ಇದು ಊಹೆ ಮಾತ್ರ. ಆದರೆ ಮುಂದಿನ ವಿಜ್ಞಾನ ಈ ಊಹೆಗೆ ವಿರೋಧವಾಗಿ ಸಾಕ್ಷಿ ನುಡಿದಿಲ್ಲ.

ಆ ವಿಜ್ಞಾನದ ಆರಂಭದಲ್ಲೇ ಕೋತಿಗೆ ಒಂದು ಪಾತ್ರವುಂಟು. ಫ್ರಾನ್ಸಿನ ಲೂಯಿ ಪಾಸ್ತರ್ ಹುಚ್ಚುನಾಯಿಯ ವಿಷವನ್ನು ಪಳಗಿಸಲು ಹೊರಟಾಗ, ಅದನ್ನು ನಾನಾ ಪ್ರಾಣಿಗಳ ದೇಹದಲ್ಲಿ ದಾಟಿಸಿ ನೋಡಿದನು. ಮೊಲದಿಂದ ಮೊಲಕ್ಕೆ ದಾಟಿಸುತ್ತ ಹೋದಂತೆ ವಿಷದ ಉಗ್ರತೆ ಏರಿತು. ನಾಯಿಯಿಂದ ಕೋತಿಗೆ, ಆ ಕೋತಿಯಿಂದ ಇನ್ನೊಂದು ಕೋತಿಗೆ ದಾಟಿಸಿದರೆ ಹೆಜ್ಜೆಹೆಜ್ಜೆಗೂ ಅದು ಸೌಮ್ಯವಾಗುತ್ತ ಹೋಯಿತು. 1884ರಲ್ಲಿ ಪಾಸ್ತರ್ ಮತ್ತು ಅವನ ಸಂಗಡಿಗರು ಈ ಸಂಗತಿಯನ್ನು ಪ್ಯಾರಿಸಿನ ವಿಜ್ಞಾನ ಪರಿಷತ್ತಿನ ಮುಂದಿಟ್ಟರು. ಹೀಗೆ ಸೌಮ್ಯವಾದ ವಿಷದಿಂದ ನಾಯಿಗಳಿಗೆ ರಕ್ಷಣೆ ಕೊಡಬಹುದೆಂಬ ಭರವಸೆ ಮೊದಲು ಮೂಡಿದ್ದು ಕೋತಿಯ ಮೂಲಕವೇ. ಮುಂದೆ ಅವನು ಈ ಮಾರ್ಗವನ್ನು ಬಿಟ್ಟು, ಒಣಗಿಸಿದ ಮೊಲದ ಬೆನ್ನುಹುರಿಯಿಂದ ಲಸಿಕೆ ತಯಾರಿಸಿದನು. 1885ರ ಜುಲೈ 6ರಂದು ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಅದರ ಮೊದಲನೆಯ ಚುಚ್ಚುಮದ್ದು ಬಿತ್ತು. ಹುಡುಗ ಬದುಕಿದ. ಸುಶ್ರುತನ ಕಾಲದಿಂದ ಮರಣಶಾಸನವೆನಿಸಿಕೊಂಡಿದ್ದ ಕಡಿತಕ್ಕೆ ಮೊಟ್ಟಮೊದಲ ತಡೆಯಾಜ್ಞೆ ಸಿಕ್ಕಿತು.

ಘಟ್ಟದ ಮೇಲಿನ ಆಸರೆ

ಆದರೆ ಆ ತಡೆಯಾಜ್ಞೆ ಪ್ಯಾರಿಸಿನಲ್ಲಿತ್ತು. ಇಂಡಿಯಾದಲ್ಲಿ ನಾಯಿ ಕಚ್ಚಿದ ಇಂಗ್ಲಿಷ್ ಸಿಪಾಯಿಗಳನ್ನು ಹಡಗು ಹತ್ತಿಸಿ ಅಷ್ಟು ದೂರ ಕಳಿಸುತ್ತಿದ್ದರು. ಹಳ್ಳಿಯ ರೈತನನ್ನು ಕಳಿಸುವವರು ಯಾರು? 1900ರಲ್ಲಿ ಹಿಮಾಲಯದ ತಪ್ಪಲಿನ ಕಸೌಲಿಯಲ್ಲಿ ಈ ದೇಶದ ಮೊದಲ ಪಾಸ್ತರ್ ಸಂಸ್ಥೆ ಆರಂಭವಾಯಿತು. ದಕ್ಷಿಣದವರಿಗೆ ಕಸೌಲಿಯೂ ವಿದೇಶದಷ್ಟೇ ದೂರ. 1902ರಲ್ಲಿ ಕೂನೂರಿನಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಯುವತಿ ಈ ರೋಗದಿಂದಲೇ ತೀರಿಕೊಂಡಳು. ಆ ಸಾವು ದಕ್ಷಿಣಕ್ಕೂ ಒಂದು ಸಂಸ್ಥೆ ಬೇಕೆಂಬ ಕೂಗಿಗೆ ಬಲ ಕೊಟ್ಟಿತು. ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಧನಿಕನು ಲಾರ್ಡ್ ಕರ್ಜನ್ನನಿಗೆ ಕೊಟ್ಟಿದ್ದ ದಾನದಲ್ಲಿ ಒಂದು ಪಾಲು ಬಿಹಾರದ ಪೂಸಾದ ಕೃಷಿ ಸಂಶೋಧನಾಲಯಕ್ಕೆ ಹೋದರೆ, ಇನ್ನೊಂದು ಪಾಲು ಕೂನೂರಿಗೆ ಬಂತು. ಹೀಗೆ 1907ರಲ್ಲಿ ದಕ್ಷಿಣ ಇಂಡಿಯಾದ ಪಾಸ್ತರ್ ಸಂಸ್ಥೆ ಎದ್ದು ನಿಂತಿತು. ಮೇಜರ್ ಕಾರ್ನ್‌ವಾಲ್ ಅದರ ಮೊದಲ ನಿರ್ದೇಶಕ. ಬೆಟ್ಟದ ತಂಪು ಲಸಿಕೆ ಕೆಡದಂತಿರಲು ಅನುಕೂಲ. ಮೇಟುಪಾಳ್ಯದಿಂದ ಕೂನೂರಿಗೆ 1899ರಲ್ಲೇ ರೈಲು ಬಂದಿದ್ದುದು ರೋಗಿಗಳಿಗೆ ಅನುಕೂಲ. ಮೈಸೂರಿನ ಕಡೆಯವರಿಗೆ ಬಂಡೀಪುರದ ಕಾಡು ದಾಟುವ ಘಟ್ಟದ ರಸ್ತೆ ಇತ್ತು.

1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಎಂಬ ವೈದ್ಯನು ಕಾರ್ಬಾಲಿಕ್ ಆಮ್ಲದಿಂದ ವಿಷವನ್ನು ಕೊಂದು ಲಸಿಕೆ ಮಾಡುವ ಕ್ರಮವನ್ನು ಕಂಡುಹಿಡಿದನು. ಈ ಲಸಿಕೆಯನ್ನು ಬುಡ್ಡಿಗಳಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೂ ಕಳಿಸಬಹುದಾಗಿತ್ತು. ರೋಗಿ ಘಟ್ಟ ಹತ್ತುವ ಬದಲು ಲಸಿಕೆಯೇ ಘಟ್ಟ ಇಳಿದುಬರುವಂತಾಯಿತು. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಈ ಮದ್ದನ್ನೇ ನಮ್ಮ ಹಿರಿಯರು “ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು” ಎಂದು ನೆನೆದು ನಡುಗುತ್ತಿದ್ದುದು. ನೋವಿನ ಮಾತಂತಿರಲಿ, ಅಪರೂಪಕ್ಕೆ ಕೆಲವರಿಗೆ ಅದರಿಂದಲೇ ಪಾರ್ಶ್ವವಾಯುವಿನಂಥ ತೊಂದರೆಯೂ ಆಗುತ್ತಿತ್ತು. ಹಾಗಿದ್ದರೂ ಸುಮಾರು ತೊಂಬತ್ತು ವರ್ಷ ಅದು ಈ ದೇಶವನ್ನು ಕಾಯಿತು. 2004ರ ಕೊನೆಗೆ ಅದರ ಬಳಕೆ ನಿಂತಿತು. ಈಗಿನ ಲಸಿಕೆಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಂದ ಮಾಡುತ್ತಾರೆ. ಅದು ಬೀಳುವುದು ತೋಳಿಗೆ, ನಾಲ್ಕೈದು ಬಾರಿ ಮಾತ್ರ. ಹೊಟ್ಟೆಯ ಹದಿನಾಲ್ಕು ಚುಚ್ಚಿಗೆ ಹೆದರಿ ಆಸ್ಪತ್ರೆಗೆ ಹೋಗದಿರುವವರು ಇನ್ನೂ ಇದ್ದಾರೆ. ಅವರು ಹೆದರುತ್ತಿರುವುದು ಕಾಲವಾಗಿಹೋದ ಒಂದು ವಸ್ತುವಿಗೆ.

ಕೋತಿಗೆ ಹುಚ್ಚು ಹಿಡಿಯುವುದೆ?

ಹಿಡಿಯುತ್ತದೆ. ರಕ್ತ ಬೆಚ್ಚಗಿರುವ, ಮೊಲೆಯೂಡಿಸುವ ಯಾವ ಪ್ರಾಣಿಯೂ ಈ ರೋಗಕ್ಕೆ ಹೊರತಲ್ಲ. ಆದರೆ ರೋಗ ತಗಲುವುದು ಬೇರೆ, ರೋಗವನ್ನು ಉಳಿಸಿಕೊಂಡು ಹೋಗುವುದು ಬೇರೆ. ದೀಪದಿಂದ ಕಿಡಿ ಹಾರಿ ಒದ್ದೆ ಸೌದೆಗೂ ತಾಕೀತು. ಅಲ್ಲೊಂದು ಕ್ಷಣ ಹೊಗೆಯಾಡಿ ನಂದಿಹೋದೀತು. ಒಣ ಹುಲ್ಲಿಗೆ ತಾಕಿದರೆ ಬೆಂಕಿ ಸಾಗುತ್ತದೆ. ರೇಬಿಸ್ ರೋಗಕ್ಕೆ ನಮ್ಮ ದೇಶದಲ್ಲಿ ಒಣ ಹುಲ್ಲು ನಾಯಿ. ನಾಯಿಯಿಂದ ನಾಯಿಗೆ ಹಬ್ಬುತ್ತ ಅದು ಸಾವಿರಾರು ವರ್ಷ ಬಾಳಿದೆ. ಲೋಕದಲ್ಲಿ ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನಾಯಿಯಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಚ್ಚುನಾಯಿ ಕಚ್ಚಿದ ಕೋತಿಗೆ ರೋಗ ಬಂದೀತು, ಅದು ಇನ್ನೊಂದನ್ನು, ಇಲ್ಲವೆ ಒಬ್ಬ ಮನುಷ್ಯನನ್ನು ಕಚ್ಚೀತು, ಸತ್ತೀತು. ನಮ್ಮ ಕೋತಿಗಳ ಹಿಂಡಿನಲ್ಲಿ ರೋಗ ತಾನಾಗಿ ತಲೆಮಾರಿನಿಂದ ತಲೆಮಾರಿಗೆ ನಿಂತುಹೋದದ್ದು ಕಂಡುಬಂದಿಲ್ಲ.

ಹಾಗೆಂದು ಎಲ್ಲ ಕಡೆಯೂ, ಎಂದೆಂದಿಗೂ ಹೀಗೆಯೇ ಎಂದು ನೆಮ್ಮದಿಯಿಂದ ಕೂರುವಂತಿಲ್ಲ. ಬ್ರೆಜಿಲ್ ದೇಶದ ಈಶಾನ್ಯ ಮೂಲೆಯಲ್ಲಿ ಸಿಯಾರಾ ಎಂಬ ಪ್ರಾಂತವಿದೆ. ಅಲ್ಲಿ ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯುಂಟು. ಕಿವಿಯ ಬಳಿ ಬಿಳಿಯ ಕುಚ್ಚು, ಅಳಿಲಿನಷ್ಟು ಮೈ, ನೋಡಿದರೆ ಎತ್ತಿಕೊಳ್ಳಬೇಕೆನಿಸುವ ಮುಖ. ಜನ ಅದನ್ನು ಕಾಡಿನಿಂದ ಹಿಡಿದು ತಂದು ಮನೆಯಲ್ಲಿ ಸಾಕುತ್ತಿದ್ದರು. 1991ರಿಂದ 1998ರ ವರೆಗೆ ಆ ಪ್ರಾಂತದಲ್ಲಿ ಎಂಟು ಮಂದಿಗೆ ಈ ಪ್ರಾಣಿಯಿಂದ ರೇಬಿಸ್ ತಗಲಿತು. ವೈರಸ್ಸನ್ನು ಪರೀಕ್ಷೆ ಮಾಡಿದಾಗ ಅದು ನಾಯಿಯದೂ ಅಲ್ಲ, ಅದುವರೆಗೆ ತಿಳಿದಿದ್ದ ಬಾವಲಿಯದೂ ಅಲ್ಲ. ಮಾರ್ಮೊಸೆಟ್‌ನಲ್ಲಿಯೇ ಬೇರೂರಿದ ಬೇರೊಂದು ತಳಿ ಎಂದು 2001ರಲ್ಲಿ ಪ್ರಕಟವಾಯಿತು. ಕಾಡುಕೋತಿಗಳಲ್ಲಿ ರೇಬಿಸ್ ತನ್ನದೇ ಸಂಸಾರ ಹೂಡಿದ್ದಕ್ಕೆ ಇದು ಪ್ರಸಿದ್ಧವಾದ ಉದಾಹರಣೆ. ಕಾಡಿನ ಪ್ರಾಣಿಯನ್ನು ಮನೆಯ ಪ್ರಾಣಿ ಮಾಡಿಕೊಂಡಾಗ ಅದರ ರೋಗವೂ ಮನೆಯ ರೋಗವಾಗುತ್ತದೆ ಎಂಬುದೇ ಅದರ ಪಾಠ.

ಹಾಗಾದರೆ ಚಾಮುಂಡಿ ಬೆಟ್ಟದಲ್ಲಿ ಕಚ್ಚಿಸಿಕೊಂಡ ಮಗುವಿನ ಗತಿಯೇನು? ಅಪಾಯ ಕಡಿಮೆ, ಆದ್ದರಿಂದ ಬಿಟ್ಟುಬಿಡೋಣ ಎನ್ನಬಹುದೆ? ಖಂಡಿತ ಕೂಡದು. ನಾಯಿ ಅಥವಾ ಬೆಕ್ಕು ಕಚ್ಚಿದರೆ ವೈದ್ಯರು ಅದನ್ನು ಹತ್ತು ದಿನ ಗಮನಿಸಲು ಹೇಳುತ್ತಾರೆ. ಕಚ್ಚುವಾಗ ಅದರ ಜೊಲ್ಲಿನಲ್ಲಿ ವಿಷವಿದ್ದಿದ್ದರೆ ಅಷ್ಟರಲ್ಲಿ ಅದು ರೋಗದಿಂದ ಬೀಳಲೇಬೇಕು. ಈ ಲೆಕ್ಕ ನಾಯಿ ಬೆಕ್ಕುಗಳಿಗೆ ಮಾತ್ರ ಗೊತ್ತಾಗಿರುವ ಲೆಕ್ಕ. ಕೋತಿಗೆ ಅಂಥ ಗಡುವು ಇಲ್ಲ. ಇದ್ದರೂ, ಬಾಳೆಹಣ್ಣು ಕಸಿದು ಮರಕ್ಕೆ ಹಾರಿದ ಅಪರಾಧಿಯನ್ನು ಹಿಂಡಿನ ಮೂವತ್ತು ಮುಖಗಳ ನಡುವೆ ಗುರುತಿಸಿ ಹತ್ತು ದಿನ ಕಾಯುವವರು ಯಾರು? ಲಸಿಕೆಯಿಂದಾಗುವ ನಷ್ಟ ನಾಲ್ಕೈದು ಸಣ್ಣ ಚುಚ್ಚು. ರೋಗ ಒಮ್ಮೆ ತಲೆಯೆತ್ತಿದರೆ ಬೆರಳೆಣಿಕೆಯ ಕೆಲವರ ಹೊರತು ಯಾರೂ ಉಳಿದಿಲ್ಲ. ಇಂಥ ತಕ್ಕಡಿಯಲ್ಲಿ ತೂಗಲು ಹೆಚ್ಚು ವಿದ್ಯೆ ಬೇಕಾಗಿಲ್ಲ. ಅದಕ್ಕಾಗಿಯೇ ಕೋತಿಯ ಕಡಿತಕ್ಕೂ ಪೂರ್ಣ ಚಿಕಿತ್ಸೆ ಆಗಬೇಕೆಂದು ನಮ್ಮ ದೇಶದ ವೈದ್ಯಕೀಯ ನಿಯಮ.

ಇನ್ನೊಂದು ಕಾಯಿಲೆಯ ಕಥೆ

ಇಷ್ಟು ರೇಬಿಸ್‌ನ ಮಾತು. ಆದರೆ ಕರ್ನಾಟಕದಲ್ಲಿ ಕೋತಿಯ ಹೆಸರನ್ನೇ ಹೊತ್ತುಕೊಂಡ ಕಾಯಿಲೆ ಬೇರೊಂದಿದೆ. ಮೈಸೂರಿನ ನಾವು ಕೋತಿ ಎನ್ನುವುದನ್ನು ಮಲೆನಾಡಿನವರು ಮಂಗ ಎನ್ನುತ್ತಾರೆ. 1957ರ ಬೇಸಗೆಯ ಆರಂಭದಲ್ಲಿ, ಅಂದರೆ ಏಕೀಕರಣವಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿದ ಕೆಲವೇ ತಿಂಗಳಲ್ಲಿ, ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತು ಬೀಳತೊಡಗಿದುವು. ಅದೇ ಸಮಯದಲ್ಲಿ ಸುತ್ತಲ ಹಳ್ಳಿಗರಿಗೆ ವಿಪರೀತ ಜ್ವರ, ತಲೆ ಸಿಡಿಯುವ ನೋವು, ಮೈಕೈ ನುಜ್ಜುಗುಜ್ಜಾದಂಥ ಸಂಕಟ. ಕೆಲವರಿಗೆ ಮೂಗಿನಲ್ಲಿ, ವಸಡಿನಲ್ಲಿ ರಕ್ತ. ಕೆಲವರು ಸತ್ತರು.

ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ಅದರ ನಿರ್ದೇಶಕ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ, ನಮ್ಮವರೇ ಆದ ಟಿ. ರಾಮಚಂದ್ರ ರಾವ್ ಮೊದಲಾದವರು ಕೆಲಸಕ್ಕೆ ತೊಡಗಿದರು. ಅವರ ಮನಸ್ಸಿನಲ್ಲಿದ್ದ ಮೊದಲ ಭಯ ಪೀತಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಕೋತಿಗಳು ಸಾಲುಸಾಲಾಗಿ ಸತ್ತರೆ ಪೀತಜ್ವರ ಬಂತೆಂದೇ ಅರ್ಥ. ಆ ಜ್ವರ ಇಂಡಿಯಾಕ್ಕೆ ಎಂದೂ ಕಾಲಿಟ್ಟಿರಲಿಲ್ಲ. ಕಾಲಿಟ್ಟಿದ್ದೇ ಆದರೆ, ಅದನ್ನು ಹರಡಬಲ್ಲ ಸೊಳ್ಳೆಗಳು ತುಂಬಿರುವ ಈ ದೇಶದ ಗತಿ ಏನು? ಪ್ರಯೋಗಾಲಯದ ಉತ್ತರ ಬೇರೆಯೇ ಬಂತು. ಇದು ಪೀತಜ್ವರವಲ್ಲ, ಸೈಬೀರಿಯದ ಕಾಡುಗಳಲ್ಲಿ ಕಾಣುವ ಮೆದುಳಜ್ವರದ ವೈರಸ್ಸಿಗೆ ದಾಯಾದಿಯಾದ ಹೊಸ ವೈರಸ್ಸು. ಸೊಳ್ಳೆಯಿಂದಲ್ಲ, ಉಣುಗಿನಿಂದ ಬರುವುದು. ದನದ ಕಿವಿಯಲ್ಲಿ, ಕೆಚ್ಚಲಿನ ಸಂದಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಅದೇ ಉಣುಗಿನ ಕಾಡಿನ ಜಾತಿ. ಲೋಕದ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಅಂದಿನಿಂದ ಸೊರಬದ ಒಂದು ಕಾಡಿನ ಹೆಸರು ಅಚ್ಚಾಯಿತು. ಊರಿನ ಜನ ಮಾತ್ರ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಹೆಸರಿನಲ್ಲಿಯೇ ಒಂದು ಅನ್ಯಾಯ ಸೇರಿಕೊಂಡಿತು. ಕಾಯಿಲೆ ಮಂಗನದಲ್ಲ. ಕಾಡಿನ ಇಲಿ, ಮೂಗಿಲಿ ಮೊದಲಾದ ಸಣ್ಣ ಪ್ರಾಣಿಗಳ ಮತ್ತು ಉಣುಗುಗಳ ನಡುವೆ ಅದು ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗ ನಮ್ಮ ಹಾಗೆಯೇ ಅದಕ್ಕೆ ಬಲಿಯಾಗುವ ಪ್ರಾಣಿ, ನಮಗಿಂತಲೂ ಬೇಗ, ನಮಗಿಂತಲೂ ಹೆಚ್ಚಾಗಿ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣುಗುಗಳು ಸುತ್ತಲ ನೆಲದಲ್ಲಿ ಚೆಲ್ಲಿಕೊಳ್ಳುತ್ತವೆ. ಸೌದೆಗೋ ಸೊಪ್ಪಿಗೋ ಆ ನೆಲದಲ್ಲಿ ನಡೆದವನಿಗೆ ಅವು ಹತ್ತುತ್ತವೆ. ಹಾಗಾದರೆ ಉಣುಗು ಹೆಚ್ಚಿದ್ದು ಹೇಗೆ? 1960ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿದ ಕೊಲಂಬಿಯ ದೇಶದ ವೈದ್ಯ ಹೋರ್ಹೆ ಬೋಶೆಲ್ ಕೊಟ್ಟ ಉತ್ತರ ಸರಳವಾಗಿತ್ತು. ಜನ ಹೆಚ್ಚಿದರು, ಕಾಡು ಕಡಿದರು, ಕಾಡಿನ ಅಂಚಿಗೆ ದನಗಳನ್ನು ಮೇಯಲು ಬಿಟ್ಟರು. ಬೆಳೆದ ಉಣುಗಿಗೆ ದನದ ಮೈಯಂಥ ಔತಣ ಮತ್ತೊಂದಿಲ್ಲ. ಕಾಡಿನ ಒಳಗೆ ಅಲ್ಪವಾಗಿದ್ದ ಉಣುಗು ಕಾಡಿನ ಅಂಚಿನಲ್ಲಿ ಅಸಂಖ್ಯವಾಯಿತು. 1982ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಟಕ್ಕಾಗಿ ಕಾಡು ಸವರಿದ ಮೇಲೆ ರೋಗ ಭುಗಿಲೆದ್ದದ್ದು ಈ ಮಾತಿಗೆ ಸಾಕ್ಷಿಯಾಯಿತು.

“ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು” ಎಂದು ನಮ್ಮ ಗಾದೆ. ಈ ಎರಡು ಕಾಯಿಲೆಗಳ ಚರಿತ್ರೆ ಓದಿದರೆ ಗಾದೆ ತಿರುಗುಮುರುಗಾಗುತ್ತದೆ. ಇಲ್ಲಿ ಮೊಸರು ತಿಂದವರು ಬೇರೆ, ಕೋತಿಯ ಮೂತಿಗೆ ಒರೆಸಿದವರು ನಾವು.

ಮತ್ತೆ ಅದೇ ರಸ್ತೆ

ಮಂಗನ ಕಾಯಿಲೆ ಮಲೆನಾಡಿನದು, ಮೈಸೂರಿಗೆ ಅದರ ಸೋಂಕಿಲ್ಲ ಎಂದು ನಾವು ಬಹುಕಾಲ ನೆಮ್ಮದಿಯಿಂದಿದ್ದೆವು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಕೋತಿಗಳು ಸತ್ತು ಬಿದ್ದುವು. ಆ ಶವಗಳನ್ನು ಮುಟ್ಟಿ ವಿಲೇವಾರಿಗೆ ನೆರವಾದ ಅರಣ್ಯದ ಕೆಲಸಗಾರರು ಜ್ವರದಿಂದ ಮಲಗಿದರು. ಪರೀಕ್ಷೆಯಲ್ಲಿ ಕ್ಯಾಸನೂರಿನ ವೈರಸ್ಸೇ ಕಂಡಿತು. ನಮ್ಮ ವಿಹಾರದ ರಸ್ತೆಯ ಮೇಲೆ, ಈ ಊರಿನಿಂದ ಎಂಬತ್ತು ಕಿಲೋಮೀಟರಿನಷ್ಟು ದೂರದಲ್ಲಿ! ಆಮೇಲೆ ಅದು ಕೇರಳದ ವಯನಾಡಿನಲ್ಲಿ, ತಮಿಳುನಾಡಿನ ನೀಲಗಿರಿಯಲ್ಲಿ, ಗೋವಾದಲ್ಲಿ, ಮಹಾರಾಷ್ಟ್ರದಲ್ಲಿ ತೋರಿಕೊಂಡಿತು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ಹಲವು ಮನೆಗಳ ದೀಪ ಆರಿಸಿತು. ಇದಕ್ಕಿದ್ದ ಹಳೆಯ ಲಸಿಕೆಯ ಶಕ್ತಿ ಕುಂದಿದ್ದರಿಂದ 2022ರಲ್ಲಿ ಅದರ ಬಳಕೆ ನಿಂತಿದೆ.

ಇಂಥ ಹೊತ್ತಿನಲ್ಲಿ ಸಿಟ್ಟು ಕೋತಿಯ ಮೇಲೆ ತಿರುಗುವುದು ಸುಲಭ. ಬ್ರೆಜಿಲಿನಲ್ಲಿ 2017ರ ಸುಮಾರಿಗೆ ಪೀತಜ್ವರ ಹಬ್ಬಿದಾಗ, ಜನ ಕೋತಿಗಳನ್ನು ಹೊಡೆದು ಕೊಂದರು. ಜ್ವರ ತರುವುದು ಸೊಳ್ಳೆ, ಕೋತಿಯಲ್ಲ ಎಂದು ಅಲ್ಲಿನ ಸರ್ಕಾರ ಸಾರಿ ಸಾರಿ ಹೇಳಬೇಕಾಯಿತು. ಮನೆಗೆ ಬೆಂಕಿ ಬಿದ್ದಿದೆಯೆಂದು ಕೂಗಿ ಎಬ್ಬಿಸಿದ ಕಾವಲುಗಾರನನ್ನೇ ಹೊಡೆದ ಹಾಗಾಯಿತು ಇದು. ಕಾಡಿನಲ್ಲಿ ಸತ್ತ ಕೋತಿ, ಊರಿಗೆ ಮುಂಚಿತವಾಗಿ ಬರುವ ತಂತಿ ಸಮಾಚಾರ. ಅದನ್ನು ಕೈಯಿಂದ ಮುಟ್ಟದೆ ಅರಣ್ಯ ಇಲಾಖೆಗೋ ಆರೋಗ್ಯ ಇಲಾಖೆಗೋ ತಿಳಿಸಿದರೆ, ಆ ನೆಲಕ್ಕೆ ಔಷಧ ಹಾಕಿ, ಸುತ್ತಲ ಹಳ್ಳಿಯವರನ್ನು ಎಚ್ಚರಿಸಿ, ಕೆಲವು ಜೀವಗಳನ್ನಾದರೂ ಉಳಿಸಬಹುದು. ಕೋತಿಯೇ ಇಲ್ಲದ ಕಾಡಿನಲ್ಲಿ ವೈರಸ್ಸು ಇದ್ದೇ ಇರುತ್ತದೆ; ಎಚ್ಚರಿಸುವವರು ಮಾತ್ರ ಇರುವುದಿಲ್ಲ.

ನಮ್ಮ ಕೋತಿಗಳಾದರೂ ಎಷ್ಟು ಉಳಿದಿವೆ? ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಈ ಊರಿನ ಸುತ್ತಲ ರಸ್ತೆಗಳಲ್ಲಿ ಕೋತಿಗಳನ್ನು ವರ್ಷಾನುಗಟ್ಟಲೆ ಎಣಿಸಿದ್ದಾರೆ. 2017ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ, ಇಪ್ಪತ್ತೈದು ವರ್ಷಗಳಲ್ಲಿ ಅವುಗಳ ಸಂಖ್ಯೆ ಅರ್ಧಕ್ಕಿಂತಲೂ ಹೆಚ್ಚು ಇಳಿದುಹೋಗಿದೆ. ರಸ್ತೆಗಳನ್ನು ಅಗಲ ಮಾಡುವಾಗ ಆಲ, ಅರಳಿ, ಅತ್ತಿಯ ಸಾಲುಮರಗಳು ಉರುಳಿದುವು. ಆ ಮರಗಳೇ ಕೋತಿಯ ಮನೆ, ಅವುಗಳ ಹಣ್ಣೇ ಅನ್ನ. ದೇವಸ್ಥಾನ, ಪೇಟೆಗಳಲ್ಲಿ ತೊಂದರೆಯೆಂದು ಹಿಡಿದು ಬೇರೆಲ್ಲಿಗೋ ಸಾಗಿಸಿದ್ದು ಇನ್ನೊಂದು ಕಾರಣ. ಈ ಜಾತಿಯ ಕೋತಿ ದಕ್ಷಿಣ ಇಂಡಿಯಾವನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ ಎಂಬುದನ್ನು ನಾವು ಮರೆತಿದ್ದೇವೆ. ಬೀದಿಯಲ್ಲಿ ಕಾಣುವುದನ್ನೆಲ್ಲ ಅಕ್ಷಯವೆಂದು ತಿಳಿಯುವುದು ಮನುಷ್ಯಸ್ವಭಾವ.

ಮರ ಕಳೆದುಕೊಂಡ ಕೋತಿ ಎಲ್ಲಿಗೆ ಹೋಗಬೇಕು? ನಾವು ಎಸೆದ ಎಂಜಲೆಲೆಯ ಬಳಿಗೆ, ಪ್ರವಾಸಿಗಳ ಪೊಟ್ಟಣದ ಬಳಿಗೆ. ಅದೇ ಎಂಜಲಿಗೆ ಬೀದಿನಾಯಿಯೂ ಬರುತ್ತದೆ. ಕಾಡಿನಲ್ಲಿ ಮರದ ಮೇಲಿರುವ ಕೋತಿಯೂ ಬೀದಿಯಲ್ಲಿರುವ ನಾಯಿಯೂ ಎದುರಾಗುವ ಸಂದರ್ಭ ಕಡಿಮೆ. ಅವೆರಡೂ ಹಲ್ಲು ಕಿರಿದು ಎದುರೆದುರು ನಿಲ್ಲುವುದು ನಾವು ಮಾಡಿದ ಕಸದ ಗುಡ್ಡೆಯ ಮೇಲೆ. ಕೋತಿಗೆ ರೇಬಿಸ್ ಬರುವ ದಾರಿ ಯಾವುದು ಎಂದು ಕೇಳಿದರೆ, ಆ ಗುಡ್ಡೆಯ ಕಡೆ ಬೆರಳು ತೋರಿಸಬೇಕಾಗುತ್ತದೆ. ಪುಣ್ಯ ಬಂದೀತೆಂದು ಕಾರಿನ ಕಿಟಕಿಯಿಂದ ಬಿಸ್ಕತ್ತು ಎಸೆಯುವವರು ಈ ಮಾತನ್ನು ಕೊಂಚ ಯೋಚಿಸಬೇಕು. ಕೈಯಿಂದ ತಿನ್ನಲು ಕಲಿತ ಕೋತಿ, ಕೊಡದ ಕೈಯನ್ನು ಕಚ್ಚಲೂ ಕಲಿಯುತ್ತದೆ.

ಕಚ್ಚಿದರೆ

1920ರ ಅಕ್ಟೋಬರಿನಲ್ಲಿ ಗ್ರೀಸ್ ದೇಶದ ದೊರೆ ಅಲೆಗ್ಸಾಂಡರ್ ತನ್ನ ಅರಮನೆಯ ತೋಟದಲ್ಲಿ ಅಡ್ಡಾಡುತ್ತಿದ್ದಾಗ, ಅವನ ನಾಯಿಗೂ ಅಲ್ಲಿದ್ದ ಒಂದು ಸಾಕಿದ ಕೋತಿಗೂ ಜಗಳ ಹತ್ತಿತು. ಬಿಡಿಸಹೋದ ದೊರೆಯನ್ನು ಇನ್ನೊಂದು ಕೋತಿ ಬಂದು ಕಚ್ಚಿತು. ಇಪ್ಪತ್ತೇಳು ವರ್ಷದ ಆ ದೊರೆ ಅದೇ ತಿಂಗಳ 25ರಂದು ಸತ್ತನು. ಅವನನ್ನು ಕೊಂದದ್ದು ರೇಬಿಸ್ ಅಲ್ಲ, ಗಾಯ ಕೀವಾಗಿ ನಂಜು ರಕ್ತಕ್ಕೇರಿದ್ದು. ರಾಜವೈದ್ಯರ ದಂಡೇ ಇದ್ದವನ ಪಾಡು ಇದು. ಇಂದು ನಮ್ಮ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತ ಕೂಲಿಕಾರನಿಗೆ ದೊರೆಯುವ ಔಷಧ ಆ ದೊರೆಗೆ ದೊರೆಯಲಿಲ್ಲ.

ಆದ್ದರಿಂದ ಕೋತಿಯಾಗಲಿ ನಾಯಿಯಾಗಲಿ ಕಚ್ಚಿದರೆ, ಪರಚಿದರೆ, ಮೊದಲ ಕೆಲಸ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು. ಗಡಿಯಾರ ನೋಡಿಕೊಂಡು ತೊಳೆಯಬೇಕು; ಹದಿನ‌ೈದು ನಿಮಿಷ ಎಷ್ಟು ದೀರ್ಘವೆಂಬುದು ಆಗಲೇ ತಿಳಿಯುವುದು. ಈ ವೈರಸ್ಸಿನ ಹೊರಮೈ ಜಿಡ್ಡಿನದು, ಸೋಪಿಗೆ ಅದು ಕರಗುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಬೇಡ. ಆಮೇಲೆ ಅದೇ ದಿನ ಆಸ್ಪತ್ರೆ. ರೇಬಿಸ್ ಲಸಿಕೆ, ಧನುರ್ವಾಯುವಿನ ಚುಚ್ಚುಮದ್ದು, ಗಾಯ ರಕ್ತ ಬರುವಂಥದಾಗಿದ್ದರೆ ಗಾಯದ ಸುತ್ತಲೇ ಹಾಕುವ ಸಿದ್ಧ ಪ್ರತಿವಿಷ, ಇವು ಮೂರನ್ನೂ ಕೇಳಿ ಪಡೆಯಬೇಕು. ಮೊದಲ ಚುಚ್ಚಿಗೆ ಧೈರ್ಯ ಬಂತೆಂದು ಉಳಿದ ದಿನಗಳನ್ನು ತಪ್ಪಿಸಬಾರದು. ವಿಷ ನರಗಳಲ್ಲಿ ಮೆಲ್ಲಗೆ ಏರುವ ಪ್ರಯಾಣಿಕ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಅದಕ್ಕೆ ಬೇಕಾಗುತ್ತದೆ. ಅದು ಮೆದುಳು ಮುಟ್ಟುವುದಕ್ಕೆ ಮುಂಚೆ ನಾವು ಬಾಗಿಲು ಹಾಕಬೇಕು.

2003ರ ರಾಷ್ಟ್ರೀಯ ಸಮೀಕ್ಷೆಯೊಂದು ಈ ದೇಶದಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು ಜನ ರೇಬಿಸ್‌ನಿಂದ ಸಾಯುತ್ತಾರೆಂದು ಅಂದಾಜು ಮಾಡಿತ್ತು. ಈಚಿನ ಅಂದಾಜು ಸುಮಾರು 5,700. ಇಳಿದದ್ದು ಸಂತೋಷವೇ. ಆದರೆ ಪಾಸ್ತರನ ಲಸಿಕೆ ಬಂದು 140 ವರ್ಷ ದಾಟಿದ ಮೇಲೂ ಒಂದೊಂದು ಸಾವೂ ತಪ್ಪಿಸಬಹುದಾಗಿದ್ದ ಸಾವು ಎಂಬುದು ಸಂತೋಷದ ಮಾತಲ್ಲ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬಿಸ್ಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿದೆ. ಎಣಿಸಲು ಹೊರಟವರು ಇಂದಲ್ಲ ನಾಳೆ ತಡೆಯಲೂ ಹೊರಡುತ್ತಾರೆ.

ಕೂನೂರಿನ ಸಂಸ್ಥೆ ಇಂದಿಗೂ ಇದೆ. 1977ರಿಂದ ಅದರ ಹೆಸರು ಭಾರತದ ಪಾಸ್ತರ್ ಸಂಸ್ಥೆ. ಕಚ್ಚಿಸಿಕೊಂಡವರು ಈಗ ಅಲ್ಲಿಯವರೆಗೆ ಹೋಗಬೇಕಾಗಿಲ್ಲ. ನಮ್ಮ ನಮ್ಮ ಊರಿನ ಆಸ್ಪತ್ರೆಗೆ ಹೋದರೆ ಸಾಕು. ಅಷ್ಟು ಹತ್ತಿರಕ್ಕೆ ಬಂದಿರುವ ರಕ್ಷಣೆಯನ್ನು ‘ಹನುಮಪ್ಪ ಕಚ್ಚಿದರೆ ಏನಾಗುತ್ತೆ’ ಎಂದು ಬಿಟ್ಟುಕೊಡುವುದು ಭಕ್ತಿಯಲ್ಲ. ಹನುಮಪ್ಪನ ಮೇಲೆ ಭಕ್ತಿಯಿದ್ದವರು ಅವನಿಗಾಗಿ ಮಾಡಬಹುದಾದ ಸೇವೆ ಬೇರೆ ಇದೆ. ರಸ್ತೆಯ ಬದಿಯಲ್ಲಿ ಒಂದು ಆಲದ ಸಸಿ ನೆಟ್ಟು ಬೆಳೆಸಬಹುದು. ಅದು ಹಣ್ಣು ಬಿಡುವ ಹೊತ್ತಿಗೆ ನಾವು ಇರುತ್ತೇವೋ ಇಲ್ಲವೋ, ಮುಂದಿನವರು ಊಟಿಗೆ ಹೋಗುವಾಗ ಕೋತಿ ಕಸದ ಗುಡ್ಡೆಯ ಮೇಲಲ್ಲ, ಮರದ ಮೇಲೆ ಕಾಣುತ್ತದೆ.